ಮುಳ್ಳು ತೋರಿಸಿದ ಮೂಲೆ

ಆ ಸೋಮವಾರ ಬೆಳಗ್ಗೆ ಬಾಗಲೂರಿನ ರಾಮಮೂರ್ತಿಯ ಮನೆಗೆ ತೊಂದರೆ ಬಂದದ್ದು ಕುಂಕುಮದ ಡಬ್ಬಿಯಷ್ಟು ದೊಡ್ಡ ಒಂದು ಕಂಪಾಸಿನ ರೂಪದಲ್ಲಿ. ತಂದವರು ಎದುರುಮನೆಯ ಚಿನ್ನಪ್ಪ. ಹೊಸೂರಿನ ಫ್ಯಾಕ್ಟರಿಯೊಂದರಿಂದ ರಿಟೈರಾದ ಮೇಲೆ ಅವರು ವಾಸ್ತು ಹಿಡಿದಿದ್ದರು.

ರಾಮಮೂರ್ತಿ ಲೇತಿನಲ್ಲಿ ಕಬ್ಬಿಣ ಕಡೆಯುವ ಟರ್ನರ್. ಕೆಲಸ ಕಳೆದುಕೊಂಡ ವರ್ಷ ಹಳೇ ಲೇತ್ ಮಿಷಿನ್ ಒಂದನ್ನು ಕೊಂಡು, ಮನೆಗೆ ಇನ್ನೂ ತಾರಸಿಯ ಮೋಲ್ಡ್ ಹಾಕುವ ಮೊದಲೇ ನೆಲಮಾಳಿಗೆಗೆ ಇಳಿಸಿದ್ದ. ಮುಕ್ಕಾಲು ಟನ್ನಿನ ಎರಕದ ಕಬ್ಬಿಣ. ಅದನ್ನು ಎಂದಾದರೂ ಮೇಲಕ್ಕೆ ತರಬೇಕಾದೀತೆಂದು ಅವನಿಗಾಗಲಿ ಮೇಸ್ತ್ರಿಗಾಗಲಿ ಹೊಳೆದಿರಲಿಲ್ಲ. ಎರಡು ವರ್ಷದಿಂದ ಬರೀ ಚಿಲ್ಲರೆ ಕೆಲಸ. ಆ ದಿನ ಸಂಜೆ ಐದಕ್ಕೆ ಪಂಪು ಮಾಡುವ ಕಂಪನಿಯ ಮೋಹನ್ ಎಂಬವರು ಮಿಷಿನ್ ಓಡುವುದನ್ನು ನೋಡಲು ಬರುವವರಿದ್ದರು. ಒಪ್ಪಿದರೆ ವರ್ಷವಿಡೀ ಕೆಲಸ. ಇಲ್ಲವಾದರೆ ಲೇತು ಗುಜರಿಗೆ, ರಾಮಮೂರ್ತಿ ಯಾವುದಾದರೂ ಗೇಟಿಗೆ ವಾಚ್‌ಮನ್.

"ಕಂಪಾಸು ಮಡಗಕ್ಕೆ ಮಟ್ಟವಾದ ಜಾಗ ಬೇಕಲ್ಲಪ್ಪಾ," ಎಂದರು ನೆಲಮಾಳಿಗೆಗೆ ಇಳಿದ ಚಿನ್ನಪ್ಪ.

"ಇದಕ್ಕಿಂತ ಮಟ್ಟ ಬಾಗಲೂರಲ್ಲೇ ಇಲ್ಲ ಕಣಣ್ಣ," ಎಂದು ರಾಮಮೂರ್ತಿ ಹೆಮ್ಮೆಯಿಂದ ಲೇತಿನ ಬೆಡ್ಡನ್ನು, ಅದರ ಉದ್ದನೆಯ ಕಬ್ಬಿಣದ ಹಾಸನ್ನು, ಒರೆಸಿಕೊಟ್ಟ.

ಚಿನ್ನಪ್ಪ ಕಂಪಾಸನ್ನು ಅದರ ಮೇಲಿಟ್ಟರು. ಮುಳ್ಳು ನಡುಗಿ ನಿಂತಿತು. ಅವರ ಮುಖ ಸಾವಿನ ಮನೆಗೆ ಬಂದವರ ಮುಖದಂತಾಯಿತು.

"ಈಶಾನ್ಯ! ದೇವಮೂಲೆ ಮ್ಯಾಲೆ ಇಷ್ಟು ಭಾರ ಹೇರಿದ್ದೀಯಲ್ಲೋ! ಆರ್ಡ್ರು ಎಲ್ಲಿಂದ ಬಂದಾತು?"

ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿ ಶಶಿಕಲಾ ಗೋಡೆಯ ಗಾಳಿಗಿಂಡಿಯನ್ನು ತೋರಿಸಿದಳು. "ಅಲ್ಲಾ ಚಿನ್ನಪ್ಪಣ್ಣ, ಆ ಗಿಂಡೀಲಿ ಬರೋದು ಸಂಜೆ ಬಿಸ್ಲು. ಅದೆಂಗೆ ಈಶಾನ್ಯ ಆತದೆ?"

"ಸೂರ್ಯ ಓಡಾಡೋನು ಕಣಮ್ಮ. ಮುಳ್ಳು ಸುಳ್ಳು ಹೇಳಾಕಿಲ್ಲ."

"ನೀ ಸುಮ್ಕಿರೇ," ಎಂದ ರಾಮಮೂರ್ತಿ. ವರ್ಷದ ಅನ್ನದ ಮುಂದೆ ಹೆಂಡತಿಯ ಬಿಸಿಲು ಅವನಿಗೆ ಕಾಣಲಿಲ್ಲ.

ಮೋಹನ್ ಬರುವುದರೊಳಗೆ ಲೇತನ್ನು ಅಂಗಳದ ಶೆಡ್ಡಿಗೆ ಏರಿಸುವುದೆಂದಾಯಿತು. ಬೇರಿಕೆಯಿಂದ ಬಚ್ಚಪ್ಪ ಬಂದ. ಫ್ಯಾಕ್ಟರಿಗಳಲ್ಲಿ ಮಿಷಿನ್ ಎತ್ತಿ ಇಳಿಸುವುದೇ ಅವನ ಕಸುಬು. ನೆರೆಯ ಆರು ಜನ ಅಂಗಿಯ ತೋಳು ಮಡಚಿ ನಿಂತಿದ್ದರು. ಬಚ್ಚಪ್ಪ ಎರಡು ಬೆರಳಿಲ್ಲದ ಬಲಗೈ ಎತ್ತಿ ತೋರಿಸಿದ. "'ಏನೂ ಆಗಾಕಿಲ್ಲ ಬಾರ್ಲಾ' ಅಂದೋನ ಮಾತು ಕೇಳಿ ಹೋದ ಬೆಳ್ಳು ಇವು." ಆರು ಜನರೂ ತೋಳು ಇಳಿಸಿಕೊಂಡರು.

ಮೋಟಾರು, ಕಡೆಯುವ ತುಂಡನ್ನು ಹಿಡಿಯುವ ಚಕ್ಕು ಎಲ್ಲ ಬಿಚ್ಚಿ ಕೈಯಲ್ಲೇ ಮೇಲಕ್ಕೆ ಬಂದವು. ಮೆಟ್ಟಿಲ ಮೇಲೆ ದಪ್ಪ ಹಲಗೆ ಹಾಸಿ, ಮೇಲ್ತುದಿಯಲ್ಲಿ ಕಬ್ಬಿಣದ ಮುಕ್ಕಾಲಿ ನಿಲ್ಲಿಸಿ, ಭಾರ ಎತ್ತುವ ಚೈನ್ ಬ್ಲಾಕಿನಿಂದ ಲೇತನ್ನು ಬೆರಳಗಲ, ಬೆರಳಗಲ ಎಳೆದರು. ಪ್ರತಿ ಬೆರಳಗಲಕ್ಕೂ ಹಿಂದೆ ಒಂದು ಬೆಣೆ. ನಡುಮೆಟ್ಟಿಲಿಗೆ ಬರುವಷ್ಟರಲ್ಲಿ ದೂರದ ಫ್ಯಾಕ್ಟರಿಯ ಒಂದು ಗಂಟೆಯ ಸೈರನ್ ಕೂಗಿತು. ಬಚ್ಚಪ್ಪ ಬೆಣೆ ಬಿಗಿದು ಕೈ ತೊಳೆಯಲು ಹೋದ.

"ಬಚ್ಚಪ್ಪಣ್ಣಾ! ನಾನು ಕೆಳಗಿವ್ನಿ!" ಎಂದು ಕೂಗಿದ ರಾಮಮೂರ್ತಿ.

"ಅಲ್ಲೇ ಇರ್ಲಾ. ಭಾರ ಮೆಟ್ಲ ಮ್ಯಾಲಿರೋವಾಗ ಅದರ ಪಕ್ಕ ಯಾರೂ ದಾಟಂಗಿಲ್ಲ. ಊಟದ ಟೈಮಲ್ಲಿ ನಾನು ಚೈನ್ ಮುಟ್ಟಾಕಿಲ್ಲ."

ರಾಮಮೂರ್ತಿ ತಾನೇ ಕಟ್ಟಿಸಿದ ಮನೆಯಲ್ಲಿ ಸೆರೆಯಾದ. ಶಶಿಕಲಾ ಹಿತ್ತಲಿಗೆ ಬಂದು ಗಾಳಿಗಿಂಡಿಯಲ್ಲಿ ಮುದ್ದೆಯ ತಟ್ಟೆ ತೂರಿಸಿದಳು. ಪಕ್ಕದ ಮನೆಯ ಗೋವಿಂದಮ್ಮ ಬಗ್ಗಿ ನೋಡಿ, "ಪಾಪ, ಎಷ್ಟು ವರ್ಸ ಹಾಕವ್ರೆ?" ಎಂದು ಕೇಳಿದಳು.

ಬಾಗಿಲ ಚೌಕಟ್ಟನ್ನೇ ಕಿತ್ತು, ಪೈಪುಗಳ ಮೇಲೆ ಉರುಳಿಸಿ, ಲೇತನ್ನು ಅಂಗಳದ ಶೀಟಿನ ಶೆಡ್ಡಿಗೆ ಮುಟ್ಟಿಸಿದಾಗ ನಾಲ್ಕೂ ಮುಕ್ಕಾಲು. ಯಾರ ಉಗುರೂ ಮುಕ್ಕಾಗಿರಲಿಲ್ಲ. ಬಚ್ಚಪ್ಪ ಕರ್ಪೂರ ಹಚ್ಚಿದ.

ಮೂಲೆ ಶುದ್ಧವಾಯಿತೋ ಎಂದು ನೋಡಲು ಚಿನ್ನಪ್ಪ ಕಂಪಾಸು ಹಿಡಿದು ಕೆಳಗಿಳಿದರು. ಬಹಳ ಹೊತ್ತು ಮೇಲೆ ಬರಲಿಲ್ಲ. ಬಂದವರು ಯಾರನ್ನೂ ನೋಡದೆ, ದೂರದ ಕಾಂಪೌಂಡ್ ಗೋಡೆಯ ಮೇಲೆ ಕಂಪಾಸಿಟ್ಟು ಮತ್ತೆ ನೋಡಿದರು.

"ರಾಮೂರ್ತಿ... ಕೆಳಗಡೆ ಮುಳ್ಳು ತಿರುಗ್ಬುಟ್ಟದೆ."

"ಅಂದ್ರೆ?"

"ಅದು ನೈಋತ್ಯ ಕಣಪ್ಪ. ಭಾರ ಇರಲೇಬೇಕಾದ ಮೂಲೆ." ಶೆಡ್ಡಿನ ಕಡೆ ಕೈ ತೋರಿಸಿ ಸೇರಿಸಿದರು: "ಈಗ ಮಡಗಿದ್ದೀಯಲ್ಲಾ, ಈ ಶೆಡ್ಡು, ಇದು ಈಶಾನ್ಯ."

ರಾಮಮೂರ್ತಿ ಕಂಪಾಸನ್ನು ನೋಡಿದ, ಲೇತನ್ನು ನೋಡಿದ. ಇಪ್ಪತ್ತು ವರ್ಷ ಕಬ್ಬಿಣ ಕಡೆದವನು ಅವನು.

"ಕಂಪಾಸ್ನ ಕಬ್ಬಿಣದ ಮ್ಯಾಲೆ ಮಡಗಿದ್ವಲ್ಲಣ್ಣಾ, ಅದೇ ಮುಳ್ಳು ಎಳ್ಕೊಂಡದೆ," ಎಂದ, ಮೆಲ್ಲಗೆ.

ಬಚ್ಚಪ್ಪ ಚೈನು ಸುತ್ತುತ್ತಿದ್ದ. "ಏರ್ಸೋದ್ಕಿಂತ ಇಳ್ಸೋದೇ ಅಪಾಯ ಕಣ್ಲಾ. ನಾಳೆಯಿಂದ ನಂಗೆ ರಾಯಕೋಟೇಲಿ ಕೆಲ್ಸ. ಹದಿನೈದು ದಿನ ಬಿಟ್ಟು ಬತ್ತೀನಿ."

ಅಷ್ಟರಲ್ಲಿ ಮೋಹನ್ ಬೈಕು ನಿಲ್ಲಿಸಿದರು. ಮೋಟಾರು ಜಗುಲಿಯಲ್ಲಿತ್ತು, ಚಕ್ಕು ಮಂಚದ ಕೆಳಗೆ, ಕರೆಂಟಿನ ಲೈನು ನೆಲಮಾಳಿಗೆಯಲ್ಲಿ. ಅವರು ಒಂದು ಸುತ್ತು ಬಂದು ಗಡಿಯಾರ ನೋಡಿಕೊಂಡರು. "ಫಿಟ್ ಮಾಡಿದ್ಮೇಲೆ ಫೋನ್ ಮಾಡಿ. ಅಲ್ಲಿವರ್ಗೂ ನಾವು ಕಾಯಕ್ಕಾಗಲ್ಲ, ಬೇರೆ ಕಡೆ ನೋಡ್ತೀವಿ," ಎಂದು ಹೊರಟುಹೋದರು.

ಶಶಿಕಲಾ ಕಾಫಿಯ ಲೋಟವನ್ನು ಲೇತಿನ ಬೆಡ್ಡಿನ ಮೇಲಿಟ್ಟಳು. ಕಾಫಿ ಒಂದು ಪಕ್ಕಕ್ಕೆ ವಾಲಿ ನಿಂತಿತು: ಬೆಡ್ಡಿನ ಮಟ್ಟವೂ ಹೋಗಿತ್ತು. ಅವಳು ಮನೆಯ ಹಿಂಭಾಗದ ಕಡೆ ನೋಡಿದಳು. ಗಾಳಿಗಿಂಡಿ ಇದ್ದ ಕಡೆಯಲ್ಲೇ ಸೂರ್ಯ ದಿನದಂತೆ ಇಳಿಯುತ್ತಿದ್ದ, ಯಾರ ಚೈನ್ ಬ್ಲಾಕೂ ಇಲ್ಲದೆ.