ಹಿಟ್ಟಿನ ಪೆಟ್ಟಿಗೆಗೆ ವಿಮಾನದ ಕಣ್ಣು

ಮೊಮ್ಮಗಳು ಹುಟ್ಟಿದ ಮೇಲೆ ಮನುಷ್ಯ ಯಾರ ಮಾತನ್ನೂ ಕೇಳಬಾರದು. ನಾಲ್ಕನೇ ಕ್ಲಾಸಿಗೇ ಸ್ಲೇಟು ಒಡೆದುಕೊಂಡು ಹಿಟ್ಟಿನ ಗಿರಣಿ ಸೇರಿದ ನನಗೆ ಸ್ವಂತವಾಗಿ ಹೊಳೆದ ಸತ್ಯ ಇದೊಂದೇ. ಆಗಿನ್ನೂ ರೀಲಿನ ಕಾಲ. ನಂಜನಗೂಡಿನ ಅಳಿಯ ಮಾದೇಶ ಸ್ಟುಡಿಯೋದವರನ್ನು ಕರೆಸುತ್ತೇನೆಂದ. ಕೂಡದು ಎಂದೆ. ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಡುವುದರೊಳಗೆ ಕೂಸಿನ ಮೊದಲ ಫೋಟೋ ನಾನೇ ತೆಗೆಯಬೇಕು!

ಮೈಸೂರಿನ ಗುಜರಿಯಲ್ಲಿ ನನಗೊಂದು ಲೆನ್ಸು ಸಿಕ್ಕಿತ್ತು. ಮಿಲಿಟರಿ ವಿಮಾನದ ಹೊಟ್ಟೆಯಲ್ಲಿ ಕೂತು ನೆಲದ ಚಿತ್ರ ತೆಗೆಯುತ್ತಿದ್ದದ್ದಂತೆ. ರುಬ್ಬುಗುಂಡಿನಷ್ಟು ಭಾರ. ಗಿರಣಿಯ ಹಳೇ ಹಿಟ್ಟಿನ ಪೆಟ್ಟಿಗೆಗೆ ಅದನ್ನು ಕೂರಿಸಿ, ಹಿಂದೆ ಎಣ್ಣೆ ಸವರಿದ ಕಾಗದ ಅಂಟಿಸಿ, ಕಂಬಳಿ ಹೊದ್ದು ಇಣುಕಿದೆ. ದೂರದ ಮುಡುಕುತೊರೆ ಬೆಟ್ಟ ತಲೆಕೆಳಗಾಗಿ, ಮೆಟ್ಟಿಲು ಮೆಟ್ಟಿಲೂ ಎಣಿಸುವ ಹಾಗೆ ಕಂಡಿತು! ಹಿಗ್ಗಿನಲ್ಲಿ ಪೆಟ್ಟಿಗೆಯನ್ನು ಅಷ್ಟು ಉದ್ದಕ್ಕೇ ಮೊಳೆ ಜಡಿದುಬಿಟ್ಟೆ. ಆಮೇಲೆ ಕೂಸನ್ನು ಮೊರದಲ್ಲಿ ಮಲಗಿಸಿ ಜಗಲಿಯ ಮೇಲಿಟ್ಟು ನೋಡಿದರೆ ಬರೀ ನೀರುಮಜ್ಜಿಗೆ. ಆಕಾಶದಿಂದ ನೋಡಿ ರೂಢಿಯಾದ ಕಣ್ಣು. ಹತ್ತಿರದ್ದು ಕಾಣಬೇಕಾದರೆ ಪೆಟ್ಟಿಗೆ ಇನ್ನೂ ಉದ್ದವಿರಬೇಕು.

"ಮಾವ, ಮಗೀನ ಬೆಟ್ಟದ್ ಮೇಲೆ ಮಲಗ್ಸಿ ಬರ್ಲಾ?" ಎಂದ ಮಾದೇಶ.

"ಆ ಗುಂಡ್ನ ಇತ್ಲಾಗ್ ಕೊಡಿ, ಉಪ್ಪಿನ್ಕಾಯ್ ಮೇಲೆ ಒತ್ತಿಡ್ತೀನಿ," ಎಂದಳು ನನ್ನವಳು ಗೌರಮ್ಮ.

"ಮುಟ್ಟು ನೋಡನ! ಫೋಟೋ ಆಗಗಂಟ ಕೂಸು ಈ ಹೊಸ್ಲು ದಾಟಕಿಲ್ಲ!" ಎಂದೆ.

ಮೊಳೆ ಕಿತ್ತೆ. ಒಂದರೊಳಗೊಂದು ಜಾರುವಂತೆ ಇನ್ನೊಂದು ಪೆಟ್ಟಿಗೆ ತೂರಿಸಿ ಹಿಂದಕ್ಕೆ ಎಳೆದೆ. ಮಜ್ಜಿಗೆಯೊಳಗಿಂದ ಬೆಣ್ಣೆಯ ಹಾಗೆ ಕೂಸಿನ ಮುಖ ತೇಲಿ ಬಂತು! ಲೆನ್ಸಿಗೆ ಷಟರ್ ಇರಲಿಲ್ಲ, ರಾಗಿ ಡಬ್ಬದ ಮುಚ್ಚಳ ಹಾಕಿದೆ. ಎಣ್ಣೆ ಕಾಗದದ ಜಾಗಕ್ಕೆ ಫೋಟೋ ಕಾಗದ ತುಂಬಿ, ಕೂಸು ಹಾಲು ಕುಡಿದು ನಿದ್ದೆ ಹೋದ ಮೇಲೆ ಮೊರದ ಆ ಕಡೆ ಗೌರಮ್ಮ, ಈ ಕಡೆ ನಾನು ಕೂತೆವು. ಮುಚ್ಚಳದ ಕೆಲಸ ಮಾದೇಶನದು.

"ಯಾರೂ ಉಸ್ರೂ ಬುಡಬ್ಯಾಡಿ! ಅಳಿಯಂದ್ರೇ, ತಗೀರಿ!" ಎಂದು ಗದರಿದೆ.

ತೊಳೆದು ಅಚ್ಚು ಹಾಕಿದಾಗ ಕೂಸಿನ ರೆಪ್ಪೆಗೂದಲು, ಕೆನ್ನೆಯ ದೃಷ್ಟಿಬೊಟ್ಟು ಎಲ್ಲವೂ ಬಂದಿದ್ದವು. ಗೌರಮ್ಮನ ಬಿಗಿದ ತುಟಿ ಕೂಡ. ನಾನು ಕೂತಿದ್ದ ಕಡೆ ಮಾತ್ರ ಒಂದಿಷ್ಟು ಹೊಗೆ. ಮುಚ್ಚಳ ತೆಗೆದಿದ್ದಷ್ಟು ಹೊತ್ತೂ ನಾನು ಮೊರದ ಕಡೆ ಬಗ್ಗಿ ಬಗ್ಗಿ ನೋಡುತ್ತಿದ್ದೆನಂತೆ.

ಆ ಫೋಟೋ ಈಗ ನಂಜನಗೂಡಿನ ಮನೆಯ ನಡುಗೋಡೆಯಲ್ಲಿದೆ. ಸ್ಟುಡಿಯೋದ್ದಲ್ಲ, ನನ್ನದು! ಬಂದವರೆಲ್ಲ ಕೂಸನ್ನು ಮೆಚ್ಚಿ, "ಪಕ್ಕದಲ್ಲಿ ಅದೇನು ಕರೆ?" ಎಂದು ಬೆರಳಿನಿಂದ ಒರೆಸಲು ಹೋಗುತ್ತಾರೆ. ಒರೆಸಲಿ ಬಿಡಿ. ಹೋಗುವ ಅಜ್ಜನಲ್ಲ ನಾನು.