ಫುಮಿತಾ ನಾನೇ

ಬಾಯಿ ಜಾರಿದ್ದೇ ತಪ್ಪಾಯಿತು. ಮಗಳು ಸುಜುನೆ ನಲವತ್ತು ದಿನದಿಂದ ಶಾಲೆಗೆ ಹೋಗಿರಲಿಲ್ಲ. ತರಗತಿಯ ಹುಡುಗಿಯರು ಅವಳ ಮೇಜಿನ ಮೇಲೆ, ಸತ್ತವರಿಗೆ ಇಡುತ್ತಾರಲ್ಲ ಹಾಗೆ, ಸೇವಂತಿಗೆ ಇಟ್ಟು ಕೈಮುಗಿದಿದ್ದರು. ಅಂದಿನಿಂದ ಹುಡುಗಿ ಹೊದಿಕೆಯೊಳಗೆ ಸೇರಿಕೊಂಡು 'ಮೋಡದ ರಾಜ್ಯದ ಫುಮಿತಾ' ಕಾಮಿಕ್ಸಿನ ಮೂವತ್ತೊಂದು ಸಂಪುಟಗಳನ್ನೂ ತಿರುತಿರುಗಿ ಓದುತ್ತಿದ್ದಳು. ಸಮಾಧಾನ ಮಾಡಲು ಹೋದ ನಮ್ಮ ಇಸೋಗಾಯ್ ತಮೋತ್ಸು, ಪುರಸಭೆಯ ಪ್ರವಾಸ ವಿಭಾಗದ ಗುಮಾಸ್ತ, ಜನ್ಮದಲ್ಲಿ ಬಡಾಯಿ ಕೊಚ್ಚದ ಪ್ರಾಣಿ, ಅಂದೇಬಿಟ್ಟ: "ಆ ಫುಮಿತಾ ಯಾರು ಗೊತ್ತಾ? ನಾನೇ."

ಪೂರ್ತಿ ಸುಳ್ಳು ಅನ್ನುವ ಹಾಗೂ ಇರಲಿಲ್ಲ. ಕತೆಯ ಶುರುವಿನಲ್ಲಿ ಫುಮಿತಾ ಏಳನೇ ತರಗತಿಯ ಹುಡುಗ. ಅವನ ಬಿಳಿ ಶೂ ಬಚ್ಚಿಡುತ್ತಾರೆ, ಸಿಕ್ಕರೆ ಒಳಗೆ ಗುಂಡುಪಿನ್ನು. ಒಂದು ದಿನ ಶೂ ಹುಡುಕುತ್ತಾ ಕಪಾಟಿಗೆ ತಲೆ ತೂರಿಸಿದವನು ಮೋಡದ ರಾಜ್ಯಕ್ಕೆ ಬಿದ್ದ. ಹತ್ತೊಂಬತ್ತು ವರ್ಷ ತಿಂಗಳುತಿಂಗಳು ಬಂದ ಕತೆಯಲ್ಲಿ ಅವನಿಗೆ ಮೀಸೆ ಬಂತು, ಹಲ್ಲಿಲ್ಲದ ಡ್ರ್ಯಾಗನ್ ಸಾಕಿದ, ರಾಜನೂ ಆದ. ಬರೆದ ವಾಕುಯಾ ಸೋಸುಕೆ ಏಳನೇ ತರಗತಿಯಲ್ಲಿ ಒಂದೇ ಒಂದು ಶರತ್ಕಾಲ ನಮ್ಮ ಕುರೊಹಾಮದ ಶಾಲೆಯಲ್ಲಿದ್ದವನು, ತಮೋತ್ಸುವಿನ ಪಕ್ಕದ ಮೇಜು. ತಮೋತ್ಸುವಿನ ಶೂನಲ್ಲೂ ಗುಂಡುಪಿನ್ನಿತ್ತು, ಒಂದಲ್ಲ ಎರಡಲ್ಲ, ಮೂರು ವರ್ಷ. ಪಕ್ಕದವನು ನೋಡಿ ಬರೆದಿದ್ದಾನೆ ಅಂತ ಇವನು ನಂಬಿದ್ದರಲ್ಲಿ ತಪ್ಪೇನು?

ಹೊದಿಕೆ ಸರಿಯಿತು. "ಭಾನುವಾರ ವಾಕುಯಾ ಅವರು ಊರಿಗೆ ಬರ್ತಾರಲ್ಲಪ್ಪ, ನಾನೇ ಕೇಳ್ತೀನಿ. ಹೌದು ಅಂದ್ರೆ ಸೋಮವಾರ ಶಾಲೆಗೆ ಹೋಗ್ತೀನಿ," ಅಂದಳು ಸುಜುನೆ. ಇಲ್ಲ ಅಂದರೆ ಏನು ಅಂತ ಅವಳೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಭಾನುವಾರ ರೈಲು ನಿಲ್ದಾಣದ ಮುಂದೆ ಫುಮಿತಾನ ಕಂಚಿನ ಪ್ರತಿಮೆಯ ಅನಾವರಣ. ತಮೋತ್ಸು ಬೆಳಿಗ್ಗೆ ಎಂಟಕ್ಕೆ ಹೋಗಿ ನೋಡುತ್ತಾನೆ, ಒಣ ಕಣವೆಮೀನು ಮಾರುವ ದೋಗುಚಿಯ ಅಂಗಡಿ ಮೇಲೆ ದೊಡ್ಡ ಫಲಕ: 'ನಿಜವಾದ ಫುಮಿತಾನ ಅಂಗಡಿ'. ಎದುರಿನ ಕ್ಷೌರಿಕ ಕಾನ್ಬೆ ಸುಮ್ಮನಿರುತ್ತಾನೆಯೇ? ಅವನದು 'ಫುಮಿತಾ ಬೆಳೆದು ಕ್ಷೌರಿಕನಾದ'. ಟೀವಿಯ ಹುಡುಗಿಯೊಬ್ಬಳು ಮೈಕು ಹಿಡಿದಿದ್ದಳು. ದೋಗುಚಿ ಕಣ್ಣೀರು ಒರೆಸಿಕೊಂಡು, ಶೂನಲ್ಲಿ ಎಷ್ಟೆಷ್ಟು ಗುಂಡುಪಿನ್ನು ಇರುತ್ತಿತ್ತು, ಯಾವ ಕಾಲಿಗೆ ಜಾಸ್ತಿ ಚುಚ್ಚುತ್ತಿತ್ತು ಅಂತ ವಿವರವಾಗಿ ಹೇಳುತ್ತಿದ್ದ. ವಿವರ ಒಂದೂ ತಪ್ಪಿರಲಿಲ್ಲ. ತಪ್ಪುವುದಾದರೂ ಹೇಗೆ, ಹಾಕುತ್ತಿದ್ದವನೇ ಅವನು. ಕಾನ್ಬೆ ತನ್ನ ಕೂದಲನ್ನು ಕ್ರಾಫ್ಟ್ ತರಗತಿಯ ಕತ್ತರಿಯಲ್ಲಿ ಕತ್ತರಿಸಿದರೆಂದು ಗೊಳೋ ಅಂದ. ಆ ಕೂದಲು ತಮೋತ್ಸುವಿನದು, ಕತ್ತರಿ ಕಾನ್ಬೆಯದು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸುವುದು ಹಳೆಯ ಕಾಲದ ಮಾತಾಯಿತು ಬಿಡಿ. ಈಗಿನ ಕೋತಿ ತಾನೇ ಮೇಕೆಯ ವೇಷ ಹಾಕಿಕೊಂಡು ಬರುತ್ತದೆ.

ನೋಡುತ್ತ ನಿಂತವನನ್ನು ವಿಭಾಗದ ಮುಖ್ಯಸ್ಥ ಓಚಿಯಾಯ್ ಕತ್ತಿನ ಪಟ್ಟಿ ಹಿಡಿದು ಎಳೆದುಕೊಂಡು ಹೋದ. ಗಾಮಾನ ವೇಷ ಹಾಕಬೇಕಿದ್ದ ಹುಡುಗನಿಗೆ ಭೇದಿಯಂತೆ. ಗಾಮಾ ಅಂದರೆ ಫುಮಿತಾನನ್ನು ಕಾಡಿದ ಹುಡುಗ, ಮೋಡದ ರಾಜ್ಯದಲ್ಲಿ ಕಪ್ಪೆಮುಖದ ರಾಕ್ಷಸನಾದವನು. "ನಿನ್ನ ಅಳತೆಗೇ ಹೊಲಿಸಿದ ಹಾಗಿದೆ ಕಣಯ್ಯಾ," ಅಂದ ಓಚಿಯಾಯ್. ಇಲ್ಲ ಅನ್ನುವ ಪದ ತಮೋತ್ಸುವಿನ ಬಾಯಲ್ಲಿ ಯಾವತ್ತು ಬಂದಿತ್ತು?

ಮುಂದಿನ ಎರಡು ಗಂಟೆ ಊರಿನ ಮಕ್ಕಳೆಲ್ಲ ಸೇರಿ ಗಾಮಾನನ್ನು ಒದ್ದರು. ಫುಮಿತಾನ ಪರವಾಗಿ ಒದ್ದರು, ಭಕ್ತಿಯಿಂದ ಒದ್ದರು. ಟೀವಿಯವರು ಕೇಳಿದರೆಂದು ದೋಗುಚಿಯೂ ಸೊಂಟಕ್ಕೆ ಒಂದು ಬಿಟ್ಟು, ಇಪ್ಪತ್ತೈದು ವರ್ಷದ ನೋವು ಇವತ್ತು ಇಳಿಯಿತು ಅಂದ. ವೇಷದೊಳಗೆ ತಮೋತ್ಸುವಿಗೆ ಆ ಒದೆತದ ಗುರುತು ಸಿಕ್ಕಿತು. ನಗುವುದೋ ಅಳುವುದೋ ತಿಳಿಯದೆ ಅತ್ತ. ಕಪ್ಪೆಯ ಮುಖ ಹೊರಗೆ ನಗುತ್ತಲೇ ಇತ್ತು.

ವಾಕುಯಾ ಬಂದ, ಪ್ರತಿಮೆಯ ಮುಸುಕು ತೆಗೆದ, ಮೇಜಿಗೆ ಕೂತು ಸಹಿ ಹಾಕತೊಡಗಿದ. ಸಣಕಲು ಮನುಷ್ಯ, ಬೆರಳಿಗೆಲ್ಲ ಮಸಿ. ಸಾಲಿನಲ್ಲಿ ಸುಜುನೆ ಒಬ್ಬಳೇ ನಿಂತಿದ್ದಳು, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು. ಅವಳ ಸರದಿ ಬಂದಾಗ ತಮೋತ್ಸು ಓಡಿಹೋಗಿ ಪಕ್ಕದಲ್ಲಿ ನಿಂತು, ಕಪ್ಪೆಯ ತಲೆ ತೆಗೆದ.

"ಫುಮಿತಾ ನಮ್ಮಪ್ಪನಾ?" ಅಂತ ಕೇಳಿದಳು ಹುಡುಗಿ.

ಹಿಂದಿನಿಂದ ದೋಗುಚಿ, ಕಾನ್ಬೆ ಕಿಸಕ್ಕನೆ ನಕ್ಕರು. ವಾಕುಯಾ ತಲೆಯೆತ್ತಿ ತಮೋತ್ಸುವನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಹುಡುಗಿಯನ್ನು ನೋಡಿದ, ಟೋಪಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದ ಅವಳ ಕೈ ನೋಡಿದ. ಎದ್ದು ನಿಂತು, ಇಡೀ ನಿಲ್ದಾಣಕ್ಕೆ ಕೇಳುವಂತೆ, "ಹೌದು. ನಿಮ್ಮಪ್ಪನೇ," ಅಂದು ತಮೋತ್ಸುವಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ.

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ದೋಗುಚಿ, ನನ್ನ ಜೀವದ ಗೆಳೆಯ ಅಂತ ಟೀವಿಗೆ ಹೇಳಿಯೂ ಆಯಿತು. ತಮೋತ್ಸು ವಾಕುಯಾನ ಎರಡೂ ಕೈ ಹಿಡಿದುಕೊಂಡ. ನೀನೊಬ್ಬನಾದರೂ ನೋಡಿದ್ದೆಯಲ್ಲ ಅನ್ನಬೇಕೆಂದಿದ್ದ. ಅಷ್ಟರೊಳಗೆ ವಾಕುಯಾ ಅವನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಮಾತಾಡಿದ.

"ನನ್ನ ಚಿತ್ರದ ಪುಸ್ತಕ ಈಜುಕೊಳಕ್ಕೆ ಎಸೆದದ್ದು ನೀನು. ದೋಗುಚಿ ಎಸಿ ಅಂದ, ನೀನು ಎಸೆದೆ. ಅವರೆಲ್ಲ ನಕ್ಕಾಗ ನೀನೂ ನಕ್ಕೆ. ಫುಮಿತಾ ನಾನು ಕಣೋ. ಮಗು ಮುಖ ನೋಡಿ ಹಾಗಂದೆ, ಅಷ್ಟೇ."

ಸಾಲು ಮುಂದಕ್ಕೆ ತಳ್ಳಿತು. ತಮೋತ್ಸುವಿಗೆ ಆ ಶರತ್ಕಾಲ ಚೆನ್ನಾಗಿ ನೆನಪಿತ್ತು. ಶೂ ಇಟ್ಟಲ್ಲೇ ಇರುತ್ತಿತ್ತು, ಯಾರೂ ಅವನನ್ನು ಮುಟ್ಟುತ್ತಿರಲಿಲ್ಲ, ಮೂರು ವರ್ಷದಲ್ಲಿ ಸುಖವಾಗಿದ್ದದ್ದು ಅದೊಂದೇ ಕಾಲ. ಯಾಕೆ ಸುಖವಾಗಿದ್ದೆ ಅಂತ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ, ಪಾಪಿ.

ಸೋಮವಾರ ಸುಜುನೆ ಮಾತಿನಂತೆ ಶಾಲೆಗೆ ಹೋದಳು. ತಮೋತ್ಸು ಕಚೇರಿಯಿಂದ ಬೇಗ ಬಂದು ಬಾಗಿಲಲ್ಲೇ ಕಾದ. ಹುಡುಗಿ ಕುಣಿಯುತ್ತಾ ಬಂದಳು, ಎಷ್ಟೋ ದಿನದ ಮೇಲೆ ಹಸಿವು ಅಂದಳು. ಅವನು ಅನ್ನದುಂಡೆ ಮುಂದಿಟ್ಟು, ಯಾರಾದರೂ ಏನಾದರೂ ಅಂದರಾ ಅಂತ ಹೆದರುತ್ತಲೇ ಕೇಳಿದ.

"ಇಲ್ಲಪ್ಪ, ನನ್ನ ತಂಟೆಗೆ ಯಾರೂ ಬರ್ಲಿಲ್ಲ. ಹೊಸ ಹುಡುಗಿ ಒಬ್ಬಳು ಬಂದಿದ್ದಾಳೆ. ಅವಳ ಊಟದ ಡಬ್ಬಿ ಕಸದ ಬುಟ್ಟಿಗೆ ಹಾಕಿದ್ರು. ಅವಳು ಹುಡುಕೋದು ನೋಡಿ ಎಲ್ಲರೂ ನಕ್ಕರು." ಬಾಯ್ತುಂಬ ಅನ್ನವಿಟ್ಟುಕೊಂಡು ಸೇರಿಸಿದಳು, "ನಾನೂ ನಕ್ಕೆ. ಅವರೆಲ್ಲ ನನ್ನನ್ನೂ ಜೊತೆಗೆ ಸೇರಿಸ್ಕೊಂಡ್ರು."

"ಆ ಹುಡುಗಿ ಹೆಸರೇನಮ್ಮ?"

"ಗೊತ್ತಿಲ್ಲ. ಯಾರೂ ಕೇಳ್ಲಿಲ್ಲ."

ತಮೋತ್ಸು ಬಾಯಿ ತೆರೆದ. ಬುದ್ಧಿ ಹೇಳಬೇಕಾದರೆ ಮೊದಲು ಫುಮಿತಾ ನಾನಲ್ಲ ಅನ್ನಬೇಕು. ಅಂದರೆ ಮಗಳು ಮತ್ತೆ ಹೊದಿಕೆಯೊಳಗೆ ಹೋಗುತ್ತಾಳೆ. ಅನ್ನದಿದ್ದರೆ ನಾಳೆಯೂ ಶಾಲೆಗೆ ಹೋಗುತ್ತಾಳೆ, ನಾಳೆಯೂ ನಗುತ್ತಾಳೆ. ಅಷ್ಟರಲ್ಲಿ ಅವಳು ಇನ್ನೊಂದು ಉಂಡೆ ಕೇಳಿದಳು, ಅವನು ಎದ್ದು ಹೋಗಿ ತಂದುಕೊಟ್ಟ.