ಮಾತು ಬಿಟ್ಟ ಬಾಯಿಗೆ ಮಜ್ಜಿಗೆ

ಕೋಯಮತ್ತೂರು ಸೀಮೆಯ ಅನ್ನೂರಿನ ನೇಕಾರರ ಬೀದಿಯಲ್ಲಿ ಚೆನ್ನಿಯಪ್ಪನ್ ಮಾತಾಡಿಸದ ಮನುಷ್ಯನೇ ಇರಲಿಲ್ಲ. ಮಗ್ಗದ ಗುಂಡಿಯಲ್ಲಿ ಕೂತೇ ದಾರಿಹೋಕರನ್ನು ಕೂಗಿ ಕರೆದು ಬುದ್ಧಿ ಹೇಳುವ ಆಸಾಮಿ. (ಕೇಳದೆ ಹೋದವರಿಗೆ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದ.) ಅಂಥವನು ಮಾತು ಬಿಟ್ಟದ್ದು ಲೋಕದಲ್ಲಿ ಒಬ್ಬನೇ ಒಬ್ಬನ ಜೊತೆ. ಅವನು ಹೆಂಡತಿಯ ತಮ್ಮ, ತೊಂಡಾಮುತ್ತೂರಿನ ತಂಗವೇಲು.

ಕಾರಣ ಸಣ್ಣದೇನಲ್ಲ. ವರ್ಷಗಳ ಹಿಂದೆ ಮಾವನ ಮನೆಗೆ ಹೋಗುವಾಗ ತಂಗವೇಲು ಹೊಡೆಯುತ್ತಿದ್ದ ಗಾಡಿ ಹಳ್ಳಕ್ಕೆ ಮಗುಚಿ ಚೆನ್ನಿಯಪ್ಪನ ದವಡೆ ಮುರಿಯಿತು. ಯಾರೋ ನಾಟಿ ವೈದ್ಯ ಸೊಪ್ಪು ಅರೆದು ಕಟ್ಟಿದ. ಮೂಳೆ ಕೂಡಿತು, ಆದರೆ ತನಗೆ ತೋಚಿದ ಕಡೆ ಕೂಡಿತು. ಕೆಳದವಡೆ ಎಡಕ್ಕೆ ಸರಿದು, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಭೇಟಿಯೇ ತಪ್ಪಿಹೋಯಿತು. ಅದನ್ನೂ ಮಹಾನುಭಾವ ಚೆನ್ನಿಯಪ್ಪನ್ ಸಹಿಸಿದ್ದ. ಆದರೆ ಕಟ್ಟು ಬಿಚ್ಚಿದ ದಿನ "ಶಿವಾ" ಎನ್ನಲು ಹೋಗಿ ಬಾಯಿಂದ ಸಿಳ್ಳೆ ಹೊರಟಾಗ, ಎದುರಿಗೆ ನಿಂತಿದ್ದ ತಂಗವೇಲು ಕಿಸಕ್ಕನೆ ನಕ್ಕುಬಿಟ್ಟ.

ಮುಗಿಯಿತು! ಅಂದಿನಿಂದ ತಂಗವೇಲು ಅನ್ನೂರಿನ ಹೊಸ್ತಿಲು ತುಳಿಯುವಂತಿಲ್ಲ, ಹೆಂಡತಿ ವಳ್ಳಿಯಮ್ಮ ತವರಿನ ಹೆಸರು ಎತ್ತುವಂತಿಲ್ಲ.

"ಜಗಳ ಇರೋದು ನಿಮ್ಗೂ ಅವ್ನಿಗೂ. ತವರು ಬಿಡ್ಬೇಕಾದೋಳು ನಾನಾ?" ಎಂದು ಅವಳು ಒಮ್ಮೆ ಕೇಳಿದ್ದಳು. "ಅಮ್ಮನಿಗೆ ಕಣ್ಣು ಮಂಜಾಗ್ತಾ ಅದಂತೆ. ಕಾಣೋವಾಗ್ಲೇ ಒಂದ್ ಸಲ ನನ್ ಮುಖ ನೋಡ್ಬೇಕು ಅಂತವ್ಳೆ."

"ಹೋಗ್ಬೇಕಾದ್ರೆ ಹೋಗು. ತಿರುಗಿ ಬರೋ ಕಷ್ಟ ತಗೋಬೇಡ!"

ವಳ್ಳಿಯಮ್ಮ ಮತ್ತೆ ಕೇಳಲಿಲ್ಲ. ಕೇಳುವುದು ನಿಂತಿತು, ಸಂಕಟ ನಿಲ್ಲಲಿಲ್ಲ.

ಬರಬರುತ್ತ ಚೆನ್ನಿಯಪ್ಪನಿಗೆ ಅಗಿಯುವುದೇ ಕಷ್ಟವಾಯಿತು. ಗರಿಗರಿ ಮುರುಕು ಕಂಡರೆ ಕಣ್ಣಲ್ಲಿ ನೀರು, ಕಿವಿಯ ಬುಡದಲ್ಲಿ ಸದಾ ಸಿಡಿತ. ಕೊನೆಗೆ ಕೋಯಮತ್ತೂರಿನ ಒಂದು ಮಿಷನ್ ಆಸ್ಪತ್ರೆಯ ಬಿಳಿ ಡಾಕ್ಟರು ದವಡೆ ಒತ್ತಿ ನೋಡಿ, "ಮೂಳೆಯನ್ನು ಮತ್ತೆ ಕತ್ತರಿಸಿ ನೇರ ಕೂರಿಸಬೇಕು. ಆಮೇಲೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಆರು ವಾರ ಬಾಯಿ ಮುಚ್ಚಿಡಬೇಕು" ಎಂದರು. ಬೀದಿಯವರೆಲ್ಲ ಬೇಡವೆಂದರೂ ಚೆನ್ನಿಯಪ್ಪನ್ ಒಪ್ಪಿಕೊಂಡ. ಬಾಯಿ ನೆಟ್ಟಗಾದ ಮೇಲೆ, ಸಿಳ್ಳೆಯಿಲ್ಲದೆ, ಸ್ಪಷ್ಟವಾಗಿ, ತಂಗವೇಲುವನ್ನು ಒಮ್ಮೆ ಬೈಯಬೇಕೆಂಬುದು ಅವನ ಒಳಗಿನ ಸಂಕಲ್ಪವಾಗಿತ್ತು.

ಕ್ಲೋರೋಫಾರಂ ಇಳಿದು ಎಚ್ಚರವಾದಾಗ ಬಾಯಿಗೆ ಬೀಗ ಬಿದ್ದಿತ್ತು. ಕೆನ್ನೆ ಊದಿ ಸೋರೆಕಾಯಿಯಾಗಿತ್ತು. ಕೆನ್ನೆಗೂ ಹಲ್ಲಿಗೂ ನಡುವೆ ರಬ್ಬರ್ ಕೊಳವೆ ತೂರಿಸಿ ಗಂಜಿ ಹೊಯ್ಯುವುದೇ ಊಟ. ನರ್ಸ್ ಜಾನಮ್ಮ ಸಣ್ಣದೊಂದು ತಂತಿ ಕತ್ತರಿಯನ್ನು ವಳ್ಳಿಯಮ್ಮನ ಕೈಗಿಟ್ಟು, ವಾಂತಿ ಬಂದರೆ ಒಂದು ಗಳಿಗೆಯೂ ಕಾಯದೆ ತಂತಿ ಕತ್ತರಿಸಬೇಕು, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ ಎಂದು ತಮಿಳಿನಲ್ಲಿ ತಿಳಿಸಿ ಹೇಳಿದಳು. ವಳ್ಳಿಯಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮಂಚದ ಪಕ್ಕ ಕೂತಳು. ನೀರು ತರಲು ಎದ್ದರೂ ಹಿಂದಿರುಗಿ ನೋಡುತ್ತಲೇ ಹೋಗುತ್ತಿದ್ದಳು.

ಊತ ಇಳಿಯುವ ಹೊತ್ತಿಗೆ, ಹಿಡಿಕೆಯ ಹಿತ್ತಾಳೆ ತೂಕುಪಾತ್ರೆ ಹಿಡಿದು ಬಂದವನು ಯಾರು? ತಂಗವೇಲು!

"ಬಾವ, ಹೆಂಗಿದೀರ? ಮನೆ ಹಸುದು, ತಿಳಿಯಾಗಿ ಕಡೆದ ಮಜ್ಜಿಗೆ."

ಚೆನ್ನಿಯಪ್ಪನ್ ನಿಯಮದ ಪ್ರಕಾರ ಮಾತಾಡಲಿಲ್ಲ. ಆಮೇಲೆ ಹೊಳೆಯಿತು. ತಾನು ಮಾತು ಬಿಟ್ಟಿದ್ದೇನೆಂದು ಈಗ ಯಾರಿಗೆ ಗೊತ್ತಾಗಬೇಕು? ಮಾತು ಬಿಡಬೇಕಾದರೆ ಮೊದಲು ಮಾತಾಡಲು ಬರಬೇಕಲ್ಲ!

"ಪಾಪ, ಮಾತಾಡಕ್ಕೆ ಆಗಲ್ಲ ಅವ್ರಿಗೆ. ಇಲ್ಲಾಂದ್ರೆ ಆಡ್ತಿದ್ರು," ಎಂದಳು ವಳ್ಳಿಯಮ್ಮ, ಏನೂ ಅರಿಯದ ಹಸುಳೆಯಂತೆ.

ಚೆನ್ನಿಯಪ್ಪನ್ ಗೋಡೆಯ ಕಡೆ ಹೊರಳಿದರೆ, ಆ ಮಗ್ಗುಲಿಗೆ ಮಲಗಬಾರದೆಂದು ಜಾನಮ್ಮ ತಂಗವೇಲುವಿನ ಕಡೆಗೇ ತಿರುಗಿಸಿದಳು. ಅವನು ಮಾತಿನ ಬದಲಿಗೆಂದು ಆಸ್ಪತ್ರೆಯವರು ಕೊಟ್ಟಿದ್ದ ಸ್ಲೇಟು ಎಳೆದುಕೊಂಡ. ಮನೆಮಾತು ಕನ್ನಡವಾದರೂ ಅವನಿಗೆ ಬರೆಯಲು ಬರುವುದು ತಮಿಳು ಮಾತ್ರ. "ಇವನನ್ನು ಆಚೆಗೆ ಅಟ್ಟಿ. ಇನ್ನೊಮ್ಮೆ ಈ ಮುಖ ಕಾಣಿಸಿದರೆ ನಾನು ಈ ಮಂಚದಲ್ಲಿ ಇರುವುದಿಲ್ಲ" ಎಂದು ಸ್ಲೇಟು ತುಂಬ ಬರೆದು ಜಾನಮ್ಮನ ಕಡೆ ಚಾಚಿದ. ನಡುವೆ ವಳ್ಳಿಯಮ್ಮ ಕಿತ್ತುಕೊಂಡಳು.

"ನಂಗೆಲ್ಲಿ ಓದಕ್ಕೆ ಬರ್ತದೆ? ಏನ್ ಬೇಕಂತೆ, ನೀನೇ ಓದು ತಂಗವೇಲು."

ತಂಗವೇಲು ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಅಂಗೈಯಿಂದ ಸ್ಲೇಟು ಒರೆಸುತ್ತ, "ಮಜ್ಜಿಗೆ ಬೇಕಂತೆ ಅಕ್ಕ. ದಿನಾ ತರ್ಬೇಕಂತೆ," ಎಂದ.

"ಊಂ! ಊಂ!" ಎಂದು ಚೆನ್ನಿಯಪ್ಪನ್ ಮಂಚ ಗುದ್ದಿದ.

"ನೋಡು, ಎಷ್ಟು ಆಸೆ!" ಎಂದಳು ವಳ್ಳಿಯಮ್ಮ.

ಹೀಗೆ ಮಜ್ಜಿಗೆಯ ಪಾರಾಯಣ ಶುರುವಾಯಿತು. ತಂಗವೇಲು ದಿನವೂ ಬರುವನು, ತೊಟ್ಟಿಯಲ್ಲಿ ಕಾಲಿಟ್ಟ ಕರುವಿನ ಕತೆ, ಬೇಲಿ ಹಾರಿ ಸಿಕ್ಕಿಕೊಂಡ ಊರ ಯಜಮಾನ ಮಣಿಯಗಾರರ ಕತೆ ಹೇಳುವನು. ನಕ್ಕರೆ ಚೆನ್ನಿಯಪ್ಪನಿಗೆ ತಂತಿ ಜಗ್ಗಿ ಪ್ರಾಣ ಹೋಗುತ್ತಿತ್ತು. ಶತ್ರುವಿನ ಕತೆಗೆ ಮೂಗಿನಲ್ಲೇ ನಕ್ಕು, ನೋವಿಗೆ ನರಳಿ, ನಕ್ಕದ್ದಕ್ಕೆ ಮತ್ತೆ ಸಿಟ್ಟಾಗುವುದೇ ಅವನ ದಿನಚರಿಯಾಯಿತು.

ಆದರೆ ಬಾಯಿ ಮುಚ್ಚಿದವನಿಗೆ ಕಿವಿ ತೆರೆದೇ ಇರುತ್ತದಲ್ಲ. ಅಕ್ಕತಮ್ಮಂದಿರು ಮಾತಿಗೆ ಕೂತರೆ ವಳ್ಳಿಯಮ್ಮ ನಗುವಳು, ತಮ್ಮನ ತಲೆಗೆ ಮೊಟಕುವಳು, ಅಮ್ಮ ಸೊಪ್ಪನ್ನು ಕೈಯಲ್ಲೇ ಮುಟ್ಟಿ ಗುರುತು ಹಿಡಿಯುತ್ತಾಳೆಂದು ಕೇಳಿ ಸೆರಗಿನಿಂದ ಕಣ್ಣೊರೆಸುವಳು. ಇವಳಿಗೆ ಇಷ್ಟು ಮಾತು ಬರುತ್ತದೆಯೇ! ಚೆನ್ನಿಯಪ್ಪನಿಗೆ ನಾಚಿಕೆಯಾಯಿತು. ಮನೆಗೆ ಬೇಕಾದ ಮಾತನ್ನೆಲ್ಲ ತಾನೊಬ್ಬನೇ ಆಡಿ ಮುಗಿಸುತ್ತಿದ್ದ, ಅವಳಿಗೆ ಉಳಿಸಿದ್ದೇ ಇಲ್ಲ.

ಒಂದು ದಿನ ಅವಳು ಪಾತ್ರೆ ತೊಳೆಯಲು ಹೋದಾಗ ತಂಗವೇಲು ತಲೆ ತಗ್ಗಿಸಿ ಹೇಳಿದ: "ಬಾವ, ಅವತ್ತು ನಿಮ್ ಬಾಯಿ ನೋಡಿ ನಗ್ಲಿಲ್ಲ. ನನ್ ಗಾಡಿಯಿಂದ ಬಿದ್ದು ನೀವು ಸತ್ತೋಗ್ತೀರ, ಅಕ್ಕನ ಮುಖ ಹೆಂಗೆ ನೋಡ್ಲಿ ಅಂತ ಅನ್ನ ನೀರು ಬಿಟ್ಟಿದ್ದೆ. ನಿಮ್ ದನಿ ಕೇಳ್ತು ನೋಡಿ, ಸಂತೋಸಕ್ಕೆ ನಗು ತಡೀಲಿಲ್ಲ."

ಚೆನ್ನಿಯಪ್ಪನ್ ಸೂರು ನೋಡುತ್ತ ಮಲಗಿದ. ಮಾತು ನಿಜವೆನ್ನಿಸಿತು. ಆದರೂ ಬೈಗುಳವೊಂದು ಸಿದ್ಧವಾಗಿಬಿಟ್ಟಿತ್ತಲ್ಲ! "ಬಾಗಿಲು ಆ ಕಡೆ ಅದೆ, ನಡಿ!" ಎಂಬ ಆ ದಿವ್ಯವಾಕ್ಯವನ್ನು ಅಷ್ಟು ವಾರ ಮನಸ್ಸಿನಲ್ಲೇ ಉಜ್ಜಿ ಬೆಳಗಿದವನಿಗೆ ಸುಮ್ಮನೆ ಬಿಸಾಡಲು ಹೊಟ್ಟೆ ಉರಿಯಿತು.

ತಂತಿ ಬಿಚ್ಚುವ ದಿನ ಬಂತು. ಡಾಕ್ಟರು ಒಂದೊಂದೇ ಎಳೆ ಕತ್ತರಿಸಿ ತೆಗೆದು, "ಮೆಲ್ಲಗೆ ಬಾಯಿ ತೆರೆದು ಏನಾದರೂ ಹೇಳು" ಎಂದರು. ತೂಕುಪಾತ್ರೆ ಹಿಡಿದ ತಂಗವೇಲು ಎದುರಿಗೇ ಇದ್ದ. ಚೆನ್ನಿಯಪ್ಪನ್ ಎದೆ ಸೆಟೆದು, ಅವನತ್ತ ಬೆರಳು ಚಾಚಿ, ಬಾಯಿ ತೆರೆದ.

"ಬಾ..."

ಅಷ್ಟಕ್ಕೇ ಮರಗಟ್ಟಿದ ದವಡೆ ಹಿಡಿದುಕೊಂಡಿತು.

"ಬಾ ಅಂದ್ರು! ಅಕ್ಕ, ಬಾವ ನನ್ನ ಬಾ ಅಂದ್ರು!" ತಂಗವೇಲು ಪಾತ್ರೆ ಕೆಳಗಿಟ್ಟು ಚೆನ್ನಿಯಪ್ಪನ ಕಾಲು ಹಿಡಿದು ಮಕ್ಕಳಂತೆ ಅತ್ತ.

'ಗಿಲು' ಇನ್ನೂ ನಾಲಗೆಯ ಮೇಲೇ ಇತ್ತು. ಸ್ವಲ್ಪ ನೂಕಿದ್ದರೆ ಹೊರಬರುತ್ತಿತ್ತು. ಚೆನ್ನಿಯಪ್ಪನ್ ಹೆಂಡತಿಯ ಮುಖ ನೋಡಿದ. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು, ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಚುಕುತ್ತ. ಆರು ವಾರ ಎಲ್ಲವನ್ನೂ ಅಗಿಯದೆ ನುಂಗಿ ರೂಢಿಯಾಗಿತ್ತು. ಇದನ್ನೂ ನುಂಗಿದ.

ಆಸ್ಪತ್ರೆಯಿಂದ ಗಾಡಿ ಅನ್ನೂರಿನ ಕಡೆ ತಿರುಗಲಿಲ್ಲ, ನೇರ ವಳ್ಳಿಯಮ್ಮನ ತವರು ತೊಂಡಾಮುತ್ತೂರಿಗೆ ಹೊರಟಿತು. ಹೊಡೆಯುವವನು ತಂಗವೇಲು. ಚೆನ್ನಿಯಪ್ಪನ್ ಹೊಸ ದವಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

ವಳ್ಳಿಯಮ್ಮ ದನಿ ತಗ್ಗಿಸಿ ಕೇಳಿದಳು. "ನಿಜ ಹೇಳಿ. 'ಬಾ' ಆದ್ಮೇಲೆ ಇನ್ನೇನೋ ಇತ್ತಲ್ವಾ?"

"ಏನೂ ಇಲ್ಲ. ಅಷ್ಟೇ."

"ಹಂಗಾ? ಮಜ್ಜಿಗೆ ಬೇಕು ಅನ್ನಕ್ಕೆ ಸ್ಲೇಟು ಪೂರಾ ಬೇಕಾಗಿತ್ತಾ? ಓದಿದೋನ ಕಿವಿ ಎರಡೂ ಕೆಂಪಗಾಗಿದ್ವು. ನಂಗೆ ಓದಕ್ಕೆ ಬರಲ್ಲ, ನೋಡಕ್ಕೆ ಬರ್ತದೆ."

ಅವನು ಗಾಡಿ ಹೊಡೆಯುತ್ತಿದ್ದ ತಂಗವೇಲುವಿನ ಬೆನ್ನಿನ ಕಡೆ ನೋಡಿದ. ಅವಳು ತೂಕುಪಾತ್ರೆಯಿಂದ ಲೋಟಕ್ಕೆ ಮಜ್ಜಿಗೆ ಬಗ್ಗಿಸಿ ಅವನ ಮುಂದೆ ಹಿಡಿದಳು.

"ಬೇಡ ವಳ್ಳಿ, ಸಾಕಾಗ್ಯದೆ," ಎಂದ ಚೆನ್ನಿಯಪ್ಪನ್ ದೀನನಾಗಿ.

"ಕುಡೀರಿ," ಎಂದಳು ವಳ್ಳಿಯಮ್ಮ. "ನೀವೇ ಬರ್ದು ಕೇಳಿದ್ದು."